ಓವರ್‌ಫ್ಲೋ ಪೈಪಿಗೆ ಬಿರಡೆ ಹಾಕಬೇಡಿ: ನಿಲ್ಲಿಸಿಟ್ಟ ಎಟಿವಿ ಪೆಟ್ರೋಲ್ ಸೋರಿಸಿದಾಗ

ಮಳೆ ನಿಂತು ತೋಟದ ಕೆಲಸ ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ: ಶೆಡ್ಡಿನಿಂದ ಹೊರಗೆ ತೆಗೆದ ಎಟಿವಿ (ತೋಟ, ಗುಡ್ಡಗಳಲ್ಲಿ ಓಡಾಡುವ ನಾಲ್ಕು ಚಕ್ರದ ಗಾಡಿ) ಪೆಟ್ರೋಲ್ ಸೋರಿಸುತ್ತಿದೆ, ಏನು ಮಾಡಲಿ? ಈ ಸಲ ಪುಟಗಳನ್ನೆಲ್ಲ ಅದಕ್ಕೇ ಬಿಟ್ಟಿದ್ದೇವೆ. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಆಮೇಲೆ ಗ್ಯಾರೇಜ್ ಸೇರಿದ ಹುಡುಗರಿಗೆ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ಅಭ್ಯಾಸ ಕಡಿಮೆ. ಹಾಗಾಗಿ ಉತ್ತರಗಳನ್ನು ಸ್ವಲ್ಪ ಬಿಡಿಸಿಯೇ ಬರೆದಿದ್ದೇವೆ.

ಪ್ರಶ್ನೆ: ನಮ್ಮದು 110 ಸಿಸಿ ಎಟಿವಿ. ತೋಟದೊಳಗೆ ಓಡಾಡಲು ಮಾತ್ರ. ಜೂನ್‌ನಲ್ಲಿ ಶೆಡ್ಡಿನಲ್ಲಿಟ್ಟದ್ದನ್ನು ಅಕ್ಟೋಬರ್‌ನಲ್ಲಿ ತೆಗೆದೆವು. ಪೆಟ್ರೋಲ್ ಟ್ಯಾಪ್ ತಿರುಗಿಸಿದ ಕೂಡಲೇ ಕಾರ್ಬ್ಯುರೇಟರ್ ಕೆಳಗಿನ ರಬ್ಬರ್ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಆ ಪೈಪಿಗೆ ಒಂದು ಸ್ಕ್ರೂ ತುರುಕಿದರೆ ಸಾಕು ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಸರಿಯೇ?
— ಓದುಗರು, ಸೋಮವಾರಪೇಟೆ

ಉತ್ತರ: ಸರಿಯಲ್ಲ. ಆ ಪೈಪ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಕಾರ್ಬ್ಯುರೇಟರ್ ತಳದ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಮಿತಿ ಮೀರಿದಾಗ ಹೆಚ್ಚಾದದ್ದನ್ನು ನೆಲಕ್ಕೆ ಬಿಡಲೆಂದೇ ಅದನ್ನು ಇಟ್ಟಿರುವುದು. ಅದಕ್ಕೆ ಬಿರಡೆ ಹಾಕಿದರೆ ಪೆಟ್ರೋಲ್ ನಿಲ್ಲುವುದಿಲ್ಲ, ದಾರಿ ಬದಲಿಸುತ್ತದೆ. ಒಂದೋ ಏರ್ ಫಿಲ್ಟರ್ ಡಬ್ಬಿಗೆ ಹೋಗುತ್ತದೆ, ಇಲ್ಲವೇ ಇಂಜಿನ್ನಿಗೆ ನುಗ್ಗಿ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಇಳಿದು ಆಯಿಲ್ ಜೊತೆ ಸೇರುತ್ತದೆ. ನೆಲದ ಮೇಲೆ ಬಿದ್ದ ಪೆಟ್ರೋಲ್ ಕಣ್ಣಿಗೆ ಕಾಣುತ್ತದೆ, ಆಯಿಲ್‌ಗೆ ಸೇರಿದ್ದು ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

ಆದ್ದರಿಂದ ಸೋರುವುದು ಕಂಡ ಮೇಲೆ ಮೊದಲು ಟ್ಯಾಪ್ ಮುಚ್ಚಿ, ಆಮೇಲೆ ಆಯಿಲ್ ನೋಡಿ. ಸೆಲ್ಫ್ ಒತ್ತಬೇಡಿ. ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ನೀರಿನಂತೆ ತೆಳುವಾಗಿದ್ದರೆ ಅಥವಾ ಮಟ್ಟ ಮೇಲಿನ ಗೆರೆ ದಾಟಿದ್ದರೆ ಆ ಆಯಿಲ್‌ನಲ್ಲಿ ಇಂಜಿನ್ ಓಡಿಸಕೂಡದು. ಈ ಗಾತ್ರದ ಇಂಜಿನ್ನಿಗೆ ಬೇಕಾಗುವುದು ಸುಮಾರು 0.8ರಿಂದ 1 ಲೀಟರ್ ಆಯಿಲ್. ಹಾಳಾಗುವ ಬೇರಿಂಗ್‌ನ ಖರ್ಚಿನ ಮುಂದೆ ಅದೇನೂ ಅಲ್ಲ. ಆದರೆ ಹೊಸ ಆಯಿಲ್ ಹಾಕುವುದು ಸೋರಿಕೆ ನಿಂತ ಮೇಲೆ. ಮೊದಲೇ ಹಾಕಿದರೆ ಅದಕ್ಕೂ ಪೆಟ್ರೋಲ್ ಬೆರೆಯುತ್ತದೆ.

ಈಗ ಕಾರಣಕ್ಕೆ ಬರೋಣ. ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದರೆ ಕಾರ್ಬ್ಯುರೇಟರ್ ಬೌಲ್ ಅರ್ಥವಾದಂತೆಯೇ. ಒಳಗೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಫ್ಲೋಟ್ ತೇಲುತ್ತದೆ. ಪೆಟ್ರೋಲ್ ಏರಿದಂತೆ ಅದು ಮೇಲೆದ್ದು ಒಂದು ಸಣ್ಣ ನೀಡಲನ್ನು (ಗ್ಯಾರೇಜುಗಳಲ್ಲಿ ಇದಕ್ಕೆ ಫ್ಲೋಟ್ ಪಿನ್ ಎಂದೂ ಹೇಳುತ್ತಾರೆ) ಹಿತ್ತಾಳೆಯ ಸೀಟಿಗೆ ಒತ್ತಿ ಪೆಟ್ರೋಲ್ ನಿಲ್ಲಿಸುತ್ತದೆ. ನೀಡಲಿನ ತುದಿಗೆ ರಬ್ಬರ್ ಇರುತ್ತದೆ. ನಾಲ್ಕು ತಿಂಗಳು ನಿಂತಾಗ ಬೌಲಿನ ಪೆಟ್ರೋಲಿನಲ್ಲಿ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಹಲಸಿನ ಮೇಣದಂಥ ಕಂದು ಅಂಟಾಗಿ ನೀಡಲಿಗೂ ಸೀಟಿಗೂ ಮೆತ್ತಿಕೊಳ್ಳುತ್ತದೆ. ಬೌಲ್ ಒಣಗಿದಾಗ ಫ್ಲೋಟ್ ತಳಕ್ಕೆ ಕೂತಿರುತ್ತದೆ, ನೀಡಲ್ ತೆರೆದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ನೀವು ಟ್ಯಾಪ್ ತಿರುಗಿಸಿದಿರಿ, ಫ್ಲೋಟ್ ಎದ್ದಿತು, ನೀಡಲ್ ಕದಲಲಿಲ್ಲ ಅಥವಾ ಕದಲಿದರೂ ಅಂಟಿನ ಮೇಲೆ ಓರೆಯಾಗಿ ಕೂತಿತು. ಬೌಲಿನ ಗ್ಯಾಸ್ಕೆಟ್ ಕೂಡ ಒಣಗಿ ಕುಗ್ಗಿರುತ್ತದೆ, ಆದರೆ ಅದು ಸೋರುವುದು ಬೌಲ್ ಸುತ್ತಲಿನ ಜೋಡಣೆಯಲ್ಲಿ. ನಿಮ್ಮದು ಪೈಪಿನಿಂದಲೇ ಬರುತ್ತಿದೆ ಎಂದರೆ ನೀಡಲ್ ಮೇಲೆಯೇ ಅನುಮಾನ.

ಬಿಚ್ಚುವ ಮುಂಚೆ ಒಂದು ಸುಲಭ ಪ್ರಯೋಗವಿದೆ. ಬೌಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಟ್ಯಾಪ್ ತೆರೆದು, ಗಾಜಿನ ಬಾಟಲಿಗೆ ಕಾಲು ಲೀಟರಿನಷ್ಟು ಪೆಟ್ರೋಲ್ ಹರಿಯಲು ಬಿಡಿ. ಕಸವೊಂದೇ ಸಿಕ್ಕಿಕೊಂಡಿದ್ದರೆ ಈ ಹರಿವಿಗೆ ಕೊಚ್ಚಿಹೋಗುತ್ತದೆ. ಡ್ರೈನ್ ಮುಚ್ಚಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಬೌಲಿನ ಪಕ್ಕಕ್ಕೆ ನಾಲ್ಕೈದು ಸಲ ಹಗುರಾಗಿ ತಟ್ಟಿ. ಸುತ್ತಿಗೆ ಬೇಡ, ಈ ಮೈ ಸತುವಿನ ಮಿಶ್ರಲೋಹದ ಎರಕ, ಸುಲಭವಾಗಿ ಸೀಳುತ್ತದೆ. ಬಾಟಲಿಯಲ್ಲಿ ಹಿಡಿದದ್ದನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು, ಕಪ್ಪು ಪುಡಿ ಕಂಡರೆ ಹಳೆಯ ರಬ್ಬರ್ ಪೈಪ್ ಒಳಗಿನಿಂದ ಉದುರುತ್ತಿದೆ, ಹಳೆಯ ಪೇಂಟ್ ಡಬ್ಬಿಯ ಹುಳಿ ವಾಸನೆ ಬಂದರೆ ಟ್ಯಾಂಕಿನದ್ದೆಲ್ಲ ಖಾಲಿ ಮಾಡಬೇಕು.

ತಟ್ಟಿದ ಮೇಲೆ ಸೋರಿಕೆ ನಿಂತರೂ ನಂಬಬೇಡಿ ಎನ್ನುವುದು ನಮ್ಮ ಸಲಹೆ. ಅಂಟು ಒಳಗೇ ಇರುತ್ತದೆ, ನಾಳೆ ತೋಟದ ನಡುವೆ ಮತ್ತೆ ಶುರುವಾಗುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು ಅರ್ಧ ದಿನದ ಕೆಲಸ.

ಜಾಗ ಬಯಲಲ್ಲಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಶೆಡ್ಡಿನ ಪಕ್ಕದಲ್ಲೇ ಬಚ್ಚಲ ಹಂಡೆಯ ಒಲೆ ಉರಿಯುತ್ತಿದ್ದರೆ ಆ ದಿನ ಕೆಲಸ ಶುರುಮಾಡಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಟ್ಯಾಪ್ ಮುಚ್ಚಿ, ಬೌಲ್ ಖಾಲಿ ಮಾಡಿ, ಪೆಟ್ರೋಲ್ ಪೈಪ್, ಏರ್ ಫಿಲ್ಟರ್ ಕಡೆಯ ಕ್ಲಾಂಪ್, ಇಂಜಿನ್ ಕಡೆಯ ಎರಡು ಬೋಲ್ಟ್ ತೆಗೆದರೆ ಕಾರ್ಬ್ಯುರೇಟರ್ ಕೈಗೆ ಬರುತ್ತದೆ. ಮೇಲಿನ ಮುಚ್ಚಳ ತಿರುಗಿಸಿದಾಗ ಸ್ಲೈಡ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ) ಆಕ್ಸಿಲರೇಟರ್ ಕೇಬಲ್ ಜೊತೆಗೇ ಮೇಲೆ ಬರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ತೂಗುಹಾಕಿ, ಅದರ ಸೂಜಿ ಬಾಗಬಾರದು.

ಬೌಲಿನ ಸ್ಕ್ರೂಗಳ ತಲೆ ನೋಡಲು ಮಾಮೂಲಿ ಸ್ಟಾರ್ ತಲೆಯಂತಿದ್ದರೂ ಜಪಾನಿ ಮಾದರಿಯ ಕಾರ್ಬ್ಯುರೇಟರ್‌ಗಳಲ್ಲಿ ಅದು ಜಪಾನಿ ಅಳತೆಯದ್ದು. ನಮ್ಮ ಸ್ಟಾರ್ ಸ್ಕ್ರೂಡ್ರೈವರ್ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸುತ್ತದೆ. ಸರಿಯಾದ ಬಿಟ್ ಸಿಗದಿದ್ದರೆ ತುದಿಯನ್ನು ಸ್ವಲ್ಪ ಅರೆದು ಮೊಂಡಾಗಿಸಿ, ಗಟ್ಟಿಯಾಗಿ ಒತ್ತಿ ಹಿಡಿದು ತಿರುಗಿಸಿ. ಮತ್ತೆ ಜೋಡಿಸುವಾಗ ಅದೇ ಉದ್ದದ ಅಲೆನ್ ಸ್ಕ್ರೂ ಹಾಕಿಬಿಟ್ಟರೆ ಮುಂದಿನ ವರ್ಷದ ಗೋಳು ತಪ್ಪುತ್ತದೆ. ಸಾಮಾನ್ಯವಾಗಿ 4 ಮಿಮೀ ದಪ್ಪದ್ದು, ಉದ್ದ ಮಾತ್ರ ಹಳೆಯದರ ಪಕ್ಕ ಹಿಡಿದು ನೋಡಿ.

ಬೌಲ್ ತೆಗೆದ ಮೇಲೆ ಫ್ಲೋಟನ್ನು ಹಿಡಿದಿರುವ ಸಣ್ಣ ಕಡ್ಡಿಯನ್ನು ತಳ್ಳಿ ಹೊರತೆಗೆಯಿರಿ. ಬಹಳ ಕಾರ್ಬ್ಯುರೇಟರ್‌ಗಳು ಇಲ್ಲೇ ಗುಜರಿ ಸೇರುವುದು: ಕಡ್ಡಿ ಬಿಗಿಯಾಗಿದೆಯೆಂದು ಬಡಿದರೆ ಅದನ್ನು ಹೊತ್ತ ಎರಡು ಪುಟ್ಟ ಕಂಬಗಳಲ್ಲಿ ಒಂದು ಮುರಿಯುತ್ತದೆ, ಮುರಿದದ್ದಕ್ಕೆ ರಿಪೇರಿ ಇಲ್ಲ. ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ಕಂಬಕ್ಕೆ ಹಿಂದಿನಿಂದ ಆಸರೆ ಕೊಟ್ಟು ತಳ್ಳಿ. ಫ್ಲೋಟಿನ ಜೊತೆ ನೀಡಲ್ ತೂಗಿಕೊಂಡು ಬರುತ್ತದೆ. ತುದಿಯ ರಬ್ಬರನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತ ಉಂಗುರದಂಥ ಗೀರು ಬಿದ್ದಿದ್ದರೆ ಹೊಸದು ಬೇಕು, ತೊಳೆದು ಪ್ರಯೋಜನವಿಲ್ಲ. ನೀಡಲಿನ ಹಿಂಬದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಪುಟ್ಟ ಮೊಳೆಯಿದ್ದರೆ ಅದು ಒತ್ತಿದಾಗ ಒಳಹೋಗಿ ಬಿಟ್ಟಾಗ ಎದ್ದು ಬರಬೇಕು.

ಸೀಟು ಬಹುತೇಕ ಸಣ್ಣ ಕಾರ್ಬ್ಯುರೇಟರ್‌ಗಳಲ್ಲಿ ಮೈಗೇ ಒತ್ತಿ ಕೂರಿಸಿದ್ದು, ಬದಲಿಸಲು ಬರುವುದಿಲ್ಲ. ಕಿವಿಯ ಬಡ್ಸ್‌ಗೆ ಹಿತ್ತಾಳೆ ಪಾಲಿಶ್ ಹಚ್ಚಿ ಬೆರಳಲ್ಲೇ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಹೊಳಪು ಬರಿಸಿ, ಆಮೇಲೆ ಪಾಲಿಶ್‌ನ ಚೂರೂ ಉಳಿಯದಂತೆ ತೊಳೆಯಿರಿ. ಬ್ಲೇಡು, ಮರಳು ಕಾಗದ, ಡ್ರಿಲ್ ಯಾವುದನ್ನೂ ಅದರ ಹತ್ತಿರ ತರಬೇಡಿ.

ಮೈನ್ ಜೆಟ್, ಪೈಲಟ್ ಜೆಟ್ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡುಗಳು) ಎರಡನ್ನೂ ತೆಗೆದು ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಪೈಲಟ್ ಜೆಟ್ಟಿನ ತೂತು ಬರೀ 0.35ರಿಂದ 0.4 ಮಿಮೀ. ಉಕ್ಕಿನ ತಂತಿ ತೂರಿಸಿದರೆ ಹಿಗ್ಗುತ್ತದೆ, ಕ್ಲೀನರ್‌ನಲ್ಲಿ ನೆನೆಹಾಕಿ ವೈರಿನ ತಾಮ್ರದ ಒಂದೇ ಎಳೆ ಬಳಸಿ. ಪಕ್ಕದ ಗಾಳಿ ಸ್ಕ್ರೂ ತೆಗೆಯುವ ಮೊದಲು ಅದನ್ನು ಹಗುರಾಗಿ ಪೂರ್ತಿ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತು ಹೋಯಿತೆಂದು ಎಣಿಸಿ ಬರೆದಿಡಿ. ಒಂದೂವರೆಯಿಂದ ಎರಡು ಸುತ್ತಿನ ಆಸುಪಾಸು ಇರುತ್ತದೆ. ಅದರ ಜೊತೆ ಸ್ಪ್ರಿಂಗ್, ವಾಷರ್, ಸಾಸಿವೆ ಗಾತ್ರದ ಓ-ರಿಂಗ್ ಇದ್ದರೆ ಇದೇ ಕ್ರಮದಲ್ಲಿ ಹೊರಬರುತ್ತವೆ. ಓ-ರಿಂಗ್ ಒಳಗೇ ಅಂಟಿಕೊಂಡಿದ್ದರೆ ಎಳೆದು ತೆಗೆಯಿರಿ. ಕ್ಲೀನರ್ ಸ್ಪ್ರೇ ರಬ್ಬರಿಗೆ ತಾಗಿದರೆ ಅದು ಉಬ್ಬುತ್ತದೆ, ಹಾಗಾಗಿ ರಬ್ಬರ್ ಭಾಗ ಒಂದೂ ಮೈಯಲ್ಲಿ ಉಳಿಯದಂತೆ ನೋಡಿಕೊಂಡು ತೊಳೆಯಿರಿ. ಪ್ರತಿ ತೂತಿಗೂ ಸ್ಪ್ರೇ ಹೊಡೆದಾಗ ಇನ್ನೊಂದು ಕಡೆಯಿಂದ ಬರಬೇಕು. ಎದುರಿನ ತೂತಿನಿಂದ ನೇರ ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಜೋಡಿಸಿದ ಮೇಲೆ ಬೌಲ್ ಮುಚ್ಚುವ ಮುಂಚೆ ಬಾಯಿಂದ ಪರೀಕ್ಷೆ ಮಾಡಿ. ಪೆಟ್ರೋಲ್ ಒಳಬರುವ ನಳಿಗೆಗೆ ಶುದ್ಧ ಪೈಪ್ ಸಿಕ್ಕಿಸಿ ಊದಿ. ಕಾರ್ಬ್ಯುರೇಟರ್ ನೆಟ್ಟಗಿದ್ದಾಗ ಗಾಳಿ ಹೋಗಬೇಕು, ತಲೆಕೆಳಗು ಮಾಡಿದಾಗ ಫ್ಲೋಟಿನ ಭಾರಕ್ಕೇ ನಿಲ್ಲಬೇಕು. ಟ್ಯಾಂಕ್ ಒಂದಡಿ ಮೇಲಿದ್ದರೆ ನೀಡಲಿನ ಮೇಲೆ ಬೀಳುವ ಒತ್ತಡ ಒಂದು ಪಿಎಸ್‌ಐನ ಮೂರನೇ ಒಂದು ಪಾಲು ಮಾತ್ರ. ಮೆಲ್ಲಗೆ ಊದಿದ ಉಸಿರಿಗೂ ನಿಲ್ಲದ ನೀಡಲ್ ಪೆಟ್ರೋಲನ್ನೂ ನಿಲ್ಲಿಸದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಮಾತ್ರ ಜೋಡಿಸಿದ ಕಾರ್ಬ್ಯುರೇಟರಿಗೆ ಬಿಡಬೇಡಿ, ನೀಡಲ್ ತುದಿ ಕೆಡುತ್ತದೆ.

ಪ್ರಶ್ನೆ: ನೀಡಲ್ ಹೊಸದು ಹಾಕಿಸಿದೆ, ಗ್ಯಾಸ್ಕೆಟ್ ಹೊಸದು, ತೊಳೆದದ್ದೂ ಆಯಿತು. ಸೋರುವುದು ಹಾಗೇ ಇದೆ.
— ಓದುಗರು, ಮೂಡಿಗೆರೆ

ಉತ್ತರ: ಓವರ್‌ಫ್ಲೋ ಪೈಪಿನಿಂದಲೇ ಸೋರುತ್ತಿದ್ದರೆ ಬೌಲನ್ನೇ ಕಳಚಿ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಅದರ ನಡುವೆ ಹಿತ್ತಾಳೆಯ ಸಣ್ಣ ಕೊಳವೆಯೊಂದು ಎದ್ದು ನಿಂತಿರುತ್ತದೆ. ಪೆಟ್ರೋಲ್ ಅದರ ತುದಿ ಮುಟ್ಟಿದಾಗ ಕೆಳಗೆ ಇಳಿಯುತ್ತದೆ. ಆ ಕೊಳವೆಯ ತುದಿಗಿಂತ 3-4 ಮಿಮೀ ಕೆಳಗಿನ ತನಕ ಪೆಟ್ರೋಲ್ ತುಂಬಿ, ಹಾಳೆಯ ಮೇಲೆ ಹತ್ತು ನಿಮಿಷ ಹಿಡಿಯಿರಿ. ಆಗಲೂ ತೊಟ್ಟಿಕ್ಕಿದರೆ ಕೊಳವೆ ಸೀಳಿದೆ, ಬುಡದಲ್ಲಿ ಸಡಿಲವಾಗಿದೆ ಅಥವಾ ಡ್ರೈನ್ ಸ್ಕ್ರೂವಿನ ಓ-ರಿಂಗ್ ಹೋಗಿದೆ. ನೀಡಲಿಗೂ ಇದಕ್ಕೂ ಸಂಬಂಧವೇ ಇಲ್ಲ, ಎಷ್ಟು ನೀಡಲ್ ಬದಲಿಸಿದರೂ ನಿಲ್ಲುವುದಿಲ್ಲ. ಬೌಲಿನಲ್ಲಿ ನೀರು ನಿಂತು ಹೆಪ್ಪುಗಟ್ಟುವ ಚಳಿ ನಾಡುಗಳಲ್ಲಿ ಈ ಸೀಳು ಹೆಚ್ಚು. ನಮ್ಮಲ್ಲಿ ಬೌಲ್ ತೆಗೆಯುವಾಗ ಓರೆಯಾಗಿ ಎಳೆದು ಕೊಳವೆ ಅಲುಗಿರುವುದು ಹೆಚ್ಚು.

ಬೌಲ್ ಸರಿಯಿದ್ದರೆ ಫ್ಲೋಟ್. ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಹಿತ್ತಾಳೆಯದ್ದಾದರೆ ಬಿಸಿನೀರಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವ ಜಾಗ ಕಾಣುತ್ತದೆ. ಬಿಸಿನೀರೇ, ಬೆಂಕಿಯಲ್ಲ. ಪ್ಲಾಸ್ಟಿಕ್ಕಿನದ್ದಾದರೆ ಬದಲಿಸಿ.

ಅದೂ ಸರಿಯಿದ್ದರೆ ಮಟ್ಟ. ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಗೆ ನೀಡಲಿನ ಸ್ಪ್ರಿಂಗ್ ಮೊಳೆಯನ್ನು ಬರೀ ಮುಟ್ಟುವಂತೆ, ಅದುಮದಂತೆ ಬಿಡಿ. ಸಣ್ಣ ಕಾರ್ಬ್ಯುರೇಟರ್‌ಗಳಲ್ಲಿ ಆಗ ಫ್ಲೋಟಿನ ಅಂಚು ಮೈಯ ಅಂಚಿಗೆ ಸಮಾನಾಂತರವಾಗಿ ನಿಲ್ಲಬೇಕು. ವಾಹನದ ಪುಸ್ತಕದಲ್ಲಿ ಮಿಮೀ ಲೆಕ್ಕ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಲೋಹದ ನಾಲಗೆಯಾದರೆ ಕೂದಲೆಳೆಯಷ್ಟು ಬಾಗಿಸಿ ಸರಿಮಾಡಬಹುದು. ಅರ್ಧ ಮಿಮೀ ಬಾಗಿಸಿದರೆ ಫ್ಲೋಟಿನ ತುದಿಯಲ್ಲಿ ಅದರ ಹಲವು ಪಟ್ಟು ವ್ಯತ್ಯಾಸವಾಗುತ್ತದೆ. ಪ್ಲಾಸ್ಟಿಕ್ ನಾಲಗೆಯನ್ನು ಬಾಗಿಸಲು ಹೋಗಬೇಡಿ.

ಕಟ್ಟಕಡೆಯ ಸಾಕ್ಷಿ ಪಾರದರ್ಶಕ ಪೈಪಿನದ್ದು. ಡ್ರೈನ್ ನಳಿಗೆಗೆ ಅದನ್ನು ಸಿಕ್ಕಿಸಿ, ಬೌಲಿನ ಪಕ್ಕಕ್ಕೆ ಮೇಲ್ಮುಖವಾಗಿ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಒಳಗಿನ ಮಟ್ಟವೇ ಪೈಪಿನಲ್ಲಿ ಕಾಣುತ್ತದೆ. ಬೌಲ್ ಮತ್ತು ಮೈ ಸೇರುವ ಗೆರೆಗಿಂತ ಕೆಲವು ಮಿಮೀ ಕೆಳಗೆ ನಿಂತು ಅಲ್ಲೇ ಇದ್ದರೆ ಸರಿ. ನಿಧಾನಕ್ಕೆ ಏರುತ್ತಲೇ ಹೋದರೆ ನೀಡಲ್ ಇನ್ನೂ ಬಿಡುತ್ತಿದೆ. ಅಗ್ಗದ ಕಿಟ್‌ನ ನೀಡಲ್ ಕೆಲವೊಮ್ಮೆ ಒಂದು ಮಿಮೀ ಉದ್ದ ಅಥವಾ ಗಿಡ್ಡ ಇರುತ್ತದೆ, ಹಳೆಯದರ ಪಕ್ಕದಲ್ಲಿಟ್ಟು ಅಳೆಯಿರಿ. ನೀಡಲನ್ನು ಫ್ಲೋಟಿಗೆ ಸಿಕ್ಕಿಸುವ ತಂತಿಯ ಕೊಕ್ಕೆ ಸರಿ ಕೂತಿದೆಯೇ ಎಂದೂ ನೋಡಿ.

ಪ್ರಶ್ನೆ: ತೊಳೆದ ಮೇಲೆ ಸೋರಿಕೆ ನಿಂತಿತು. ಆದರೆ ಈಗ ಚೋಕ್ ಎಳೆದಿಟ್ಟರೆ ಮಾತ್ರ ಗಾಡಿ ಓಡುತ್ತದೆ, ಬಿಟ್ಟರೆ ಆಫ್.
— ಓದುಗರು, ತೀರ್ಥಹಳ್ಳಿ

ಉತ್ತರ: ಪೈಲಟ್ ಜೆಟ್ ಇನ್ನೂ ಕಟ್ಟಿಕೊಂಡಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಓಡುವಾಗ) ಇಂಜಿನ್ನಿಗೆ ಪೆಟ್ರೋಲ್ ಬರುವುದು ಅದೊಂದರಿಂದಲೇ. ಜೆಟ್ ಮಾತ್ರ ತೊಳೆದರೆ ಸಾಲದು, ಅದು ಕೂರುವ ತೂತಿನ ಮುಂದಿನ ದಾರಿಯೂ ತೆರೆದಿರಬೇಕು; ಗಾಳಿ ಸ್ಕ್ರೂ ತೆಗೆದು ಆ ತೂತಿನಿಂದ ಸ್ಪ್ರೇ ಹೊಡೆದು ಕಾರ್ಬ್ಯುರೇಟರ್ ಗಂಟಲಿನಲ್ಲಿ ಬರುತ್ತದೆಯೇ ನೋಡಿ. ಇಂಜಿನ್ ಕಡೆಯ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಹಾಕಲು ಮರೆತು ಗಾಳಿ ಎಳೆಯುತ್ತಿದ್ದರೂ ಲಕ್ಷಣ ಇದೇ. ಗಾಳಿ ಸ್ಕ್ರೂ ಸ್ಲೈಡ್‌ಗಿಂತ ಇಂಜಿನ್ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚು. ಏರ್ ಫಿಲ್ಟರ್ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಷ್ಟೂ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇದು ತಿಳಿಯದೆ ತಿರುಗಿಸುತ್ತ ಕೂತರೆ ದಿನ ಕಳೆಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ತಿರುಗಿಸಿ, ಐಡಲ್ ಅತಿ ಹೆಚ್ಚಾಗುವ ಜಾಗದಲ್ಲಿ ಬಿಡಿ.

ಪ್ರಶ್ನೆ: ಹೋಮ್‌ಸ್ಟೇಯ ದೊಡ್ಡ ಎಟಿವಿ. ಟ್ಯಾಪ್‌ಗೆ ಆಫ್ ಇಲ್ಲ. ಆನ್, ರಿಸರ್ವ್, ಪ್ರೈಮ್ ಎಂದಷ್ಟೇ ಇದೆ. ಎರಡು ತಿಂಗಳು ನಿಂತಿತ್ತು. ನೆಲದಲ್ಲಿ ಒಂದು ಹನಿಯೂ ಇಲ್ಲ, ಆದರೆ ಟ್ಯಾಂಕ್ ಅರ್ಧ ಖಾಲಿ. ಸೆಲ್ಫ್ ಒತ್ತಿದರೆ ಟಕ್ ಎಂದು ನಿಲ್ಲುತ್ತದೆ.
— ಓದುಗರು, ಸಕಲೇಶಪುರ

ಉತ್ತರ: ಇನ್ನೊಮ್ಮೆ ಸೆಲ್ಫ್ ಒತ್ತಬೇಡಿ. ಟ್ಯಾಂಕಿನಿಂದ ಹೋದದ್ದು ಸಿಲಿಂಡರಿನಲ್ಲೂ ಆಯಿಲ್‌ನಲ್ಲೂ ಇರುವ ಸಾಧ್ಯತೆಯೇ ಹೆಚ್ಚು. ದ್ರವವನ್ನು ಪಿಸ್ಟನ್ ಅದುಮಲಾರದು. ಮೋಟಾರ್ ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸ್ಪಾರ್ಕ್ ಪ್ಲಗ್ ತೆಗೆಯಿರಿ. ಕಿಲ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕ್ಯಾಪನ್ನು ತೂತಿನಿಂದ ದೂರ ಕಟ್ಟಿ, ತೂತಿನ ಮೇಲೆ ದಪ್ಪ ಬಟ್ಟೆ ಹಿಡಿದು, ಕಿಕ್ಕರ್ ಅಥವಾ ಎಳೆಯುವ ಹಗ್ಗವಿದ್ದರೆ ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಹೊರಗೆ ಚಿಮ್ಮುವುದು ಪೆಟ್ರೋಲ್, ಹತ್ತಿರ ಕಿಡಿ ಹಾರಬಾರದು. ಆಯಿಲ್ ಪೂರ್ತಿ ಇಳಿಸಿ. ರಿಪೇರಿಯ ನಂತರ ಹೊಸ ಆಯಿಲ್ ಹಾಕಿ 15-20 ನಿಮಿಷ ಓಡಿಸಿ ಮತ್ತೆ ಮೂಸಿ. ವಾಸನೆ ಉಳಿದಿದ್ದರೆ ಇನ್ನೊಮ್ಮೆ ಬದಲಿಸುವುದೇ ಲೇಸು. ಏರ್ ಫಿಲ್ಟರ್ ಫೋಮ್ ನೆನೆದಿದ್ದರೆ ಒಣಗಿಸಿ ಎಣ್ಣೆ ಹಚ್ಚಿಯೇ ಕೂರಿಸಿ.

ಮೂಲ ದೋಷ ಟ್ಯಾಪ್‌ನಲ್ಲಿದೆ. ಇದು ವ್ಯಾಕ್ಯೂಮ್ ಟ್ಯಾಪ್. ಇಂಜಿನ್ ಓಡುವಾಗಿನ ಎಳೆತಕ್ಕೆ ಒಳಗಿನ ರಬ್ಬರ್ ಪರದೆ ಸರಿದು ಪೆಟ್ರೋಲ್ ಬಿಡುತ್ತದೆ, ಇಂಜಿನ್ ನಿಂತರೆ ತಾನೇ ಮುಚ್ಚುತ್ತದೆ. ಪ್ರೈಮ್‌ನಲ್ಲಿ ಮರೆತು ಬಿಟ್ಟರೆ ಈ ಕಾವಲು ಇಲ್ಲ. ಆನ್‌ನಲ್ಲಿಟ್ಟು, ಇಂಜಿನ್ ನಿಂತಿರುವಾಗ ಕಾರ್ಬ್ಯುರೇಟರ್ ಕಡೆಯ ಪೈಪ್ ಕಳಚಿ: ಪೆಟ್ರೋಲ್ ಬಂದರೆ ಟ್ಯಾಪ್ ಹೋಗಿದೆ. ಇಂಜಿನ್ನಿನಿಂದ ಟ್ಯಾಪ್‌ಗೆ ಹೋಗುವ ತೆಳು ಪೈಪ್ ಒಳಗೆ ಪೆಟ್ರೋಲ್ ಕಂಡರೆ ಪರದೆ ಹರಿದಿದೆ, ಕಾರ್ಬ್ಯುರೇಟರನ್ನೇ ದಾಟಿ ನೇರ ಇಂಜಿನ್ನಿಗೆ ಹರಿದಿದೆ. ನೆಲದಲ್ಲಿ ಹನಿ ಕಾಣದಿರುವುದಕ್ಕೆ ಇದು ತುಂಬ ಹೊಂದುತ್ತದೆ. ಆದರೂ ನೀಡಲ್ ನೋಡದೆ ಬಿಡಬೇಡಿ.

ಈ ಗಾತ್ರದ ಗಾಡಿಗಳ ಕಾರ್ಬ್ಯುರೇಟರ್ ಮೇಲ್ಮುಚ್ಚಳದ ಕೆಳಗೂ ಅಗಲವಾದ ರಬ್ಬರ್ ಪರದೆಯಿರುವುದು ಸಾಮಾನ್ಯ. ಅದಕ್ಕೆ ಕ್ಲೀನರ್ ಸ್ಪ್ರೇ ತಾಗಿದರೆ ಹಿಗ್ಗಿ ಸುಕ್ಕಾಗುತ್ತದೆ, ಆಮೇಲೆ ಗಾಡಿ ಐಡಲ್‌ನಲ್ಲಿ ಚೆನ್ನಾಗಿದ್ದರೂ ಏರು ಹತ್ತುವುದಿಲ್ಲ. ಮೊದಲು ಪರದೆ ತೆಗೆದಿಟ್ಟು ಆಮೇಲೆ ಸ್ಪ್ರೇ.

ಪ್ರಶ್ನೆ: ಇದೆಲ್ಲ ಈ20 ಪೆಟ್ರೋಲ್ ಬಂದ ಮೇಲೆ ಶುರುವಾದದ್ದಲ್ಲವೇ?
— ಓದುಗರು, ಶಿರಸಿ

ಉತ್ತರ: ಪೂರ್ತಿ ಅಲ್ಲ. ಅಂಟು ಕಟ್ಟುವುದು, ನೀಡಲ್ ಸಿಕ್ಕಿಕೊಳ್ಳುವುದು ಎಥೆನಾಲ್ ಇಲ್ಲದ ಕಾಲದಲ್ಲೂ ಇತ್ತು. 20% ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಅದು ತಂದ ಹೊಸ ತೊಂದರೆ ಎರಡು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಬೌಲಿಗೆ ಗಾಳಿ ಕಿಂಡಿ ಇದ್ದೇ ಇದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಬೌಲಿನಲ್ಲಿರುವುದು ಕೆಲವೇ ಚಮಚ ಪೆಟ್ರೋಲ್. ಹೀರಿದ ನೀರು ಮಿತಿ ಮೀರಿದಾಗ ಎಥೆನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಮೈನ್ ಜೆಟ್ ಇರುವುದೂ ತಳದಲ್ಲೇ. ಅಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದು ಲೋಹ ತಿಂದದ್ದು. ಎರಡನೆಯದು, ಎಥೆನಾಲ್‌ಗೆಂದು ಮಾಡದ ಹಳೆಯ ರಬ್ಬರ್ ಪೈಪು, ಓ-ರಿಂಗ್, ನೀಡಲ್ ತುದಿ ಉಬ್ಬುತ್ತವೆ, ಆಮೇಲೆ ಒಣಗಿದಾಗ ಬಿರಿಯುತ್ತವೆ. ಪೈಪ್ ಬದಲಿಸುವಾಗ ಮೈಮೇಲೆ ಎಸ್‌ಎಇ ಜೆ30 ಆರ್7 ಎಂದು ಅಚ್ಚಿರುವುದನ್ನು ಕೇಳಿ ತನ್ನಿ. ಅಕ್ವೇರಿಯಂ ಪೈಪ್ ಬೇಡ, ಪೆಟ್ರೋಲಿಗೆ ಬೇಗನೆ ಕಡ್ಡಿಯಂತಾಗುತ್ತದೆ.

ಪ್ರಶ್ನೆ: ಪಿಕಪ್‌ನಲ್ಲಿ ಹಾಕಿ ಸಾಗಿಸುವಾಗ, ಇಳಿಜಾರಲ್ಲಿ ನಿಲ್ಲಿಸಿದಾಗ ಮಾತ್ರ ಸೋರುತ್ತದೆ. ದೋಷವೇ?
— ಓದುಗರು, ಕಳಸ

ಉತ್ತರ: ಅಲ್ಲ. ಓರೆಯಾದಾಗ ಫ್ಲೋಟ್ ಸರಿಯಾಗಿ ತೇಲುವುದಿಲ್ಲ, ಕುಲುಕಿದಾಗ ನೀಡಲ್ ಕುಣಿಯುತ್ತದೆ. ಟ್ಯಾಪ್ ಮುಚ್ಚಿ ಸಾಗಿಸಿ. ಸಮತಟ್ಟಿನಲ್ಲೂ ಸೋರಿದರೆ ಮಾತ್ರ ಬಿಚ್ಚಿ ನೋಡಿ. ಗಾಳಿ ಕಿಂಡಿಯ ಪೈಪುಗಳಿಗೆ ಕೆಸರು ಮೆತ್ತಿದೆಯೇ, ಕಣಜ ಗೂಡು ಕಟ್ಟಿದೆಯೇ ಎಂದು ನೋಡಲು ಮಾತ್ರ ಮರೆಯಬೇಡಿ. ಶೆಡ್ಡಿನಲ್ಲಿಟ್ಟ ಗಾಡಿಗೆ ಕಣಜಕ್ಕಿಂತ ದೊಡ್ಡ ಶತ್ರುವಿಲ್ಲ.

ಪ್ರಶ್ನೆ: ಹುಣಸೆಹಣ್ಣಿನ ನೀರಲ್ಲಿ ರಾತ್ರಿಯಿಡೀ ನೆನೆಸಿದರೆ ಫಳಫಳ ಆಗುತ್ತದಂತೆ. ಬೌಲಿನ ಜೋಡಣೆಗೆ ಸಿಲಿಕೋನ್ ಪೇಸ್ಟ್ ಹಚ್ಚಬಹುದೇ?
— ಓದುಗರು, ಸಾಗರ

ಉತ್ತರ: ಎರಡೂ ಬೇಡ. ಹಿತ್ತಾಳೆಯ ತಂಬಿಗೆಗೆ ಹುಣಸೆ ಸರಿ. ಕಾರ್ಬ್ಯುರೇಟರ್ ಮೈಯ ಸತುವನ್ನು ಹುಳಿ ತಿಂದು ಹಾಕುತ್ತದೆ, ಫಳಫಳ ಹೋಗಿ ಬೂದು ಬಣ್ಣದ ಕುಳಿ ಬೀಳುತ್ತದೆ. ಮಾಮೂಲಿ ಸಿಲಿಕೋನ್ ಪೇಸ್ಟ್ ಪೆಟ್ರೋಲಿಗೆ ಉಬ್ಬಿ, ಕಿತ್ತುಬಂದ ಚೂರು ಹೋಗಿ ಜೆಟ್‌ನಲ್ಲಿ ಕೂರುತ್ತದೆ. ಗ್ಯಾಸ್ಕೆಟ್ ಪೆಟ್ರೋಲ್ ಹೀರಿ ದೊಡ್ಡದಾಗಿ ಗಾಡಿಯಲ್ಲಿ ಕೂರುತ್ತಿಲ್ಲ ಎಂದು ಪೇಸ್ಟ್ ಹುಡುಕುತ್ತಿದ್ದರೆ, ಅದನ್ನು ಒಂದು ರಾತ್ರಿ ಗಾಳಿಗೆ ಬಿಡಿ. ಬೆಳಿಗ್ಗೆ ಹೊತ್ತಿಗೆ ಕುಗ್ಗಿ ಹಳೆಯ ಅಳತೆಗೆ ಬರುವುದೇ ಹೆಚ್ಚು.

ಪ್ರಶ್ನೆ: ರಿಪೇರಿಗಿಂತ ಹೊಸ ಕಾರ್ಬ್ಯುರೇಟರ್ ಹಾಕಿಸುವುದು ಲಾಭವಲ್ಲವೇ?
— ಓದುಗರು, ಬೆಂಗಳೂರು

ಉತ್ತರ: 110 ಸಿಸಿ ಗಾಡಿಗಳಿಗೆ ಪಿಝಡ್19, ಪಿಝಡ್20 ಎಂಬ ಹೆಸರಿನಲ್ಲಿ ಬರುವ ನಕಲುಗಳು ಅಗ್ಗ. ಫ್ಲೋಟಿನ ಕಂಬ ಮುರಿದಿದ್ದರೆ, ಸೀಟಿನಲ್ಲಿ ಕುಳಿ ಬಿದ್ದಿದ್ದರೆ ಹೊಸದೇ ಸರಿ. ಇಲ್ಲದಿದ್ದರೆ ನೀಡಲ್ಲೂ ಗ್ಯಾಸ್ಕೆಟ್ಟೂ ಇರುವ ಕಿಟ್ ಸಾಕು. ಕೊಳ್ಳುವ ಮುಂಚೆ ಬೋಲ್ಟ್ ತೂತುಗಳ ನಡುವಿನ ಅಂತರ, ಫಿಲ್ಟರ್ ಕಡೆಯ ಹೊರ ಅಗಲ, ಚೋಕ್ ಕೈಯಿಂದಲೋ ಕೇಬಲ್ಲಿನಿಂದಲೋ ಎಂಬ ಮೂರನ್ನು ಅಳೆದು ನೋಡಿ. ಹೊಸದರ ಜೆಟ್ ನಂಬರ್ ಹಳೆಯದಕ್ಕೆ ಹೊಂದದಿದ್ದರೆ ಹಳೆಯ ಜೆಟ್‌ಗಳನ್ನೇ ಅದಕ್ಕೆ ಹಾಕಿ, ಸ್ಕ್ರೂ ಎಳೆ ಹೊಂದಿದರೆ ಮಾತ್ರ. ಹೊಸ ಡಬ್ಬಿಯಿಂದ ತೆಗೆದದ್ದರಲ್ಲೂ ಎರಕದ ಚೂರು ಇರುತ್ತದೆ, ಬೌಲ್ ಬಿಚ್ಚಿ ತೊಳೆದೇ ಕೂರಿಸಿ.

ಪ್ರಶ್ನೆ: ನಮ್ಮಲ್ಲಿ ಚಳಿಗಾಲದ ಐದು ತಿಂಗಳು ಎಟಿವಿ ಗರಾಜಿನಲ್ಲಿ ನಿಲ್ಲುತ್ತದೆ. ವಸಂತದಲ್ಲಿ ಪ್ರತಿ ಸಲ ಇದೇ ಕಥೆ. ಇಡುವಾಗಲೇ ಏನು ಮಾಡಬೇಕು?
— ಓದುಗರು, ಮಿನೆಸೋಟ, ಅಮೆರಿಕ

ಉತ್ತರ: ನಿಮ್ಮ ರಾಜ್ಯದಲ್ಲಿ ಇಂಥ ಗಾಡಿಗಳಿಗೆಂದೇ ಎಥೆನಾಲ್ ಇಲ್ಲದ ಪೆಟ್ರೋಲ್ ಪಂಪ್‌ಗಳಲ್ಲಿ ಸಿಗುತ್ತದೆ, ಕೊನೆಯ ಟ್ಯಾಂಕ್ ಅದನ್ನೇ ತುಂಬಿಸಿ. ಇಲ್ಲಿನವರಿಗೆ ಆ ಭಾಗ್ಯ ಸುಲಭವಲ್ಲ. ಫ್ಯೂಯಲ್ ಸ್ಟೆಬಿಲೈಜರ್ ಅನ್ನು ಬಾಟಲಿಯ ಮೇಲೆ ಬರೆದ ಅಳತೆಯಂತೆ ಹೊಸ ಪೆಟ್ರೋಲಿಗೆ ಬೆರೆಸಿ, ಹತ್ತು ನಿಮಿಷ ಇಂಜಿನ್ ಓಡಿಸಿ. ಹಳಸಿದ ಪೆಟ್ರೋಲಿಗೆ ಬೆರೆಸಿದರೆ ಅದು ಹೊಸದಾಗುವುದಿಲ್ಲ. ಲೋಹದ ಟ್ಯಾಂಕನ್ನು ತುಂಬಿಡಿ, ಖಾಲಿ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನದ್ದಾದರೆ ಖಾಲಿ ಮಾಡಬಹುದು.

ಟ್ಯಾಪ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸುವುದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ಬೌಲ್ ಖಾಲಿಯಾಗಿರುವುದಿಲ್ಲ. ಜೆಟ್‌ಗಳು ಹೀರಲಾಗದ ಪೆಟ್ರೋಲ್ ತಳದಲ್ಲಿ ಉಳಿದಿರುತ್ತದೆ, ಅಂಟಾಗುವುದು ಅದೇ. ಡ್ರೈನ್ ಸ್ಕ್ರೂ ತೆರೆದು ಅದನ್ನೂ ಇಳಿಸಿ, ಮತ್ತೆ ಮುಚ್ಚಿ. ನಮ್ಮ ಮಳೆಗಾಲಕ್ಕೂ ಇದೇ ಕ್ರಮ. ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುತ್ತದೆ ಎಂದರೆ ಮಾಡಲೇಬೇಕು. ಗಾಡಿ ನಿಂತಿರುವಾಗ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡುವ ಅಭ್ಯಾಸ ಬೇಡ, ಇಂಜಿನ್ ಬಿಸಿಯಾಗದೆ ಆಯಿಲ್‌ಗೆ ನೀರು ಸೇರುತ್ತದೆ, ಬೌಲ್ ಮತ್ತೆ ತುಂಬುತ್ತದೆ.

ವಸಂತದಲ್ಲಿ ಮೊದಲ ಸಲ ಟ್ಯಾಪ್ ತೆರೆಯುವಾಗ ಗಾಡಿಯನ್ನು ಗರಾಜಿನಿಂದ ಹೊರಗೆ ತಳ್ಳಿ, ಕೆಳಗೆ ಹಾಳೆ ಹಾಸಿ ಅರ್ಧ ಗಂಟೆ ಬಿಡಿ. ಸೆಕೆಂಡಿಗೊಂದು ಹನಿ ಬಿದ್ದರೆ ಒಂದು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಆಗುತ್ತದೆ. ಅಲ್ಲಿನ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗರಾಜಿನಲ್ಲೇ ಇರುವುದುಂಟು, ಅದರ ಜ್ವಾಲೆ ಉರಿಯುವುದು ನೆಲದ ಹತ್ತಿರ.